ಬೀಗ ಒಡೆದ ಪ್ರಬಂಧ

ಹರಿಹರದ ನೆರೆ ಪರಿಹಾರ ಉಪಕಚೇರಿಯಲ್ಲಿ ಪ್ರಥಮ ದರ್ಜೆ ಗುಮಾಸ್ತರಾಗಿದ್ದ ಕುತುಬುದ್ದೀನ್ ತಮ್ಮ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಒಮ್ಮೆಯೂ ‘ನಾನು’ ಎಂದು ಬರೆದವರಲ್ಲ. ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಸರ್ಕಾರಿ ಕನ್ನಡದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವನ್ನೂ ಮಾಡಲಾಗುತ್ತದೆ. ಸ್ಥಳ ಪರಿಶೀಲಿಸಲಾಗುತ್ತದೆ, ವರದಿ ಸಲ್ಲಿಸಲಾಗುತ್ತದೆ, ಕಡತ ಕಳೆದರೆ ಅದು ‘ಲಭ್ಯವಿರುವುದಿಲ್ಲ’. ಈ ಭಾಷೆಯಲ್ಲಿ ಕುತುಬುದ್ದೀನರನ್ನು ಮೀರಿಸುವವರು ಊರಲ್ಲಿರಲಿಲ್ಲ. ದುಂಡಗಿನ ಅಕ್ಷರ, ಎಡಕ್ಕೆ ಮೂರು ಬೆರಳು ಜಾಗ, ಚಿತ್ತು ಕಾಟು ಎಂಬುದೇ ಇಲ್ಲ. ಬೇರೆ ಕಚೇರಿಯವರು ಕೂಡ ಚಹಾ ತರಿಸಿಕೊಟ್ಟು ಅವರ ಕೈಯಲ್ಲಿ ವರದಿ ಬರೆಸಿಕೊಂಡು ಹೋಗುತ್ತಿದ್ದರು.

ಅಂಥವರ ಹೆಸರು ಪೇಪರಿನಲ್ಲಿ ಬಂದು, ಅವರ ಮೇಲೆ ಇಲಾಖಾ ವಿಚಾರಣೆ ಕೂತದ್ದು ಒಂದು ವಿಚಾರ ಸಂಕಿರಣದ ದೆಸೆಯಿಂದ.

ಅದು ೧೯೯೮ರ ನವೆಂಬರ್. ದಾವಣಗೆರೆ ಜಿಲ್ಲೆಯಾಗಿ ಒಂದು ವರ್ಷ ದಾಟಿತ್ತು. ಜಿಲ್ಲಾ ಕೇಂದ್ರ ಎನಿಸಿಕೊಂಡ ಊರಿಗೆ ಏನೇನು ಬೇಕೋ ಅವೆಲ್ಲ ಒಂದೊಂದಾಗಿ ಬರುತ್ತಿದ್ದವು. ಹೊಸ ಕಚೇರಿಗಳು, ಹೊಸ ಬೋರ್ಡುಗಳು, ಬೋರ್ಡಿನ ಕೆಳಗೆ ಕಾಯುವ ಹೊಸ ಜನ. ರಾಷ್ಟ್ರಮಟ್ಟದ ವಿಚಾರ ಸಂಕಿರಣವೊಂದು ಬಾಕಿ ಇತ್ತು. ಆ ಕೊರತೆಯನ್ನು ನೀಗಿಸಲು ಶಾಮನೂರು ಕಡೆಯ ಕಾಲೇಜೊಂದರ ರಾಜ್ಯಶಾಸ್ತ್ರದ ಮುಖ್ಯಸ್ಥ ಮುರುಗೇಶಪ್ಪನವರು ಪಣ ತೊಟ್ಟಿದ್ದರು. ದೆಹಲಿಗೆ ಹನ್ನೊಂದು ಪತ್ರ ಬರೆದು ಅವರು ಮಂಜೂರು ಮಾಡಿಸಿಕೊಂಡ ವಿಷಯ ‘ಕಂಪ್ಯಾರೆಟಿವ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಅಂಡ್ ಗವರ್ನಮೆಂಟ್ ರೆಸಿಲಿಯೆನ್ಸ್’.

ಮೊದಲರ್ಧ ಕನ್ನಡಕ್ಕೆ ಸುಲಭವಾಗಿ ಬಂತು: ತುಲನಾತ್ಮಕ ಸಾರ್ವಜನಿಕ ಆಡಳಿತ. ಎರಡನೆಯ ಅರ್ಧದ ‘ರೆಸಿಲಿಯೆನ್ಸ್’ ಬಳಿ ಕಾಲೇಜು ನಾಲ್ಕು ದಿನ ನಿಂತಿತು. ಭೌತಶಾಸ್ತ್ರದವರು ‘ಸ್ಥಿತಿಸ್ಥಾಪಕತ್ವ’ ಎಂದರು. ರಬ್ಬರನ್ನು ಎಳೆದು ಬಿಟ್ಟರೆ ಮೊದಲಿನಂತಾಗುವ ಗುಣ. ಸರ್ಕಾರವನ್ನು ಎಷ್ಟೇ ಎಳೆದರೂ ಮೊದಲಿನಂತೆಯೇ ಇರುವುದರಿಂದ ಅದು ಸರಿ ಎಂದು ಕೆಲವರಿಗೆ ಅನ್ನಿಸಿತು. ಕನ್ನಡ ವಿಭಾಗದವರು ‘ಪುನಶ್ಚೇತನ’ ಎಂದರು. ಹಾಗೆಂದರೆ ಸರ್ಕಾರಕ್ಕೆ ಒಮ್ಮೆ ಎಚ್ಚರ ತಪ್ಪಿತ್ತು ಎಂದಾಗುತ್ತದೆ, ಉದ್ಘಾಟನೆಗೆ ದೊಡ್ಡವರು ಬರುವವರಿದ್ದಾರೆ, ಬೇಡ ಎಂದು ಪ್ರಾಂಶುಪಾಲರು ತಡೆದರು. ಕೊನೆಗೆ ಬ್ಯಾನರ್ ಬರೆಯುವವನು ತನ್ನ ಬಟ್ಟೆಯ ಅಗಲ ನೋಡಿ ‘ಸರ್ಕಾರದ ತಾಳಿಕೆ’ ಎಂದು ಬರೆದು ಕಟ್ಟಿಬಿಟ್ಟ. ದಾರಿಯಲ್ಲಿ ಹೋಗುವವರು ಅದನ್ನು ಯಾವುದೋ ಸಿಮೆಂಟಿನ ಜಾಹೀರಾತು ಎಂದುಕೊಂಡರು.

ದೆಹಲಿಯವರದ್ದು ಒಂದು ಷರತ್ತಿತ್ತು. ಪ್ರಾಧ್ಯಾಪಕರಷ್ಟೇ ಅಲ್ಲದೆ ಆಡಳಿತದಲ್ಲಿ ಕೈಯಾರೆ ಕೆಲಸ ಮಾಡಿದ ಸ್ಥಳೀಯರೊಬ್ಬರಾದರೂ ಪ್ರಬಂಧ ಓದಬೇಕು. ಹಿಂದಿನ ವರ್ಷ ತುಂಗಭದ್ರೆ ಉಕ್ಕಿ ಹರಿಹರದ ದಂಡೆಯ ಕೇರಿಗೆ ನೀರು ನುಗ್ಗಿದ್ದು ಮುರುಗೇಶಪ್ಪನವರಿಗೆ ನೆನಪಾಯಿತು. ಉಪಕಚೇರಿಗೆ ಬಂದು ಅಲ್ಲಿಯ ಅಧಿಕಾರಿ ಬಕ್ಕೇಶಪ್ಪನವರನ್ನು ಆಹ್ವಾನಿಸಿದರು. ವೇದಿಕೆ, ಹಾರ, ಶಾಲು ಎಂದಾಗ ಬಕ್ಕೇಶಪ್ಪ ಕೂಡಲೇ ಒಪ್ಪಿದರು. ಓದಿದ ಮೇಲೆ ಪ್ರಶ್ನೋತ್ತರ ಇರುತ್ತದೆ ಎಂಬುದು ಆಮೇಲೆ ಗೊತ್ತಾಗಿ, ಆ ದಿನ ತಮಗೆ ತುರ್ತು ಪರಿವೀಕ್ಷಣೆ ಇದೆ ಎಂದು ಡೈರಿಯಲ್ಲಿ ಬರೆದುಕೊಂಡು ಕುತುಬುದ್ದೀನರನ್ನು ಕರೆದರು.

“ನೀವೇ ಹೋಗಿ ಬರ್ರಿ. ಹೋದ ವರ್ಷದ ವರದಿ ಫೈಲಿನಾಗೆ ಐತಲ್ಲ, ಅದನ್ನೇ ಓದಿದ್ರೆ ಮುಗೀತು.”

ಕುತುಬುದ್ದೀನ್ ವರದಿಯನ್ನು ಚೆಂದವಾಗಿ ನಕಲು ಮಾಡಿಕೊಂಡು ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ ಮುರುಗೇಶಪ್ಪನವರ ಮುಂದಿಟ್ಟರು. ಅವರು ಎರಡು ಪುಟ ಓದಿ ಕನ್ನಡಕ ತೆಗೆದರು.

“ಇದ್ರಾಗೆ ಮನುಷ್ಯರೇ ಇಲ್ಲವಲ್ಲ ಸಾಹೇಬ್ರೆ. ಗೋದಾಮು ತೆರೆಯಲಾಯಿತು ಅಂತೀರಿ. ಯಾರು ತೆರೆದ್ರು?”

ಕುತುಬುದ್ದೀನರಿಗೆ ಆ ಪ್ರಶ್ನೆ ಅಸಭ್ಯವೆನಿಸಿತು. ಇಷ್ಟು ವರ್ಷದಲ್ಲಿ ಯಾವ ಮೇಲಧಿಕಾರಿಯೂ ಹಾಗೆ ಕೇಳಿದವರಲ್ಲ. ಮುರುಗೇಶಪ್ಪನವರೋ ಬಿಡಲಿಲ್ಲ. ದೆಹಲಿಯಿಂದ ಬರುವವರು ವರದಿ ಕೇಳಲು ಬರುವುದಿಲ್ಲ, ಅವರಿಗೆ ಅನುಭವ ಬೇಕು, ನಡೆದದ್ದನ್ನು ನಡೆದ ಹಾಗೆ, ‘ನಾನು’ ಎಂದು ಬರೆದು ತನ್ನಿ ಎಂದು ಕಾಗದಗಳನ್ನು ವಾಪಸು ಕೊಟ್ಟರು.

ಭಾನುವಾರ ಕುತುಬುದ್ದೀನ್ ಮನೆಯ ಪಡಸಾಲೆಯಲ್ಲಿ ಕೂತು ನಡೆದದ್ದನ್ನು ನೆನೆದರು.

ಅದು ನಡೆದದ್ದು ೧೯೯೭ರ ಆಗಸ್ಟ್ ಹದಿನೈದರಂದು, ದಾವಣಗೆರೆ ಜಿಲ್ಲೆಯಾದ ದಿನವೇ. ಮೇಲಿನ ಸೀಮೆಯಲ್ಲಿ ಮೂರು ದಿನದಿಂದ ಮಳೆ. ಬೆಳಿಗ್ಗೆ ಕಚೇರಿಯಲ್ಲಿ ಬಾವುಟ ಹಾರಿಸಿದ ಕೂಡಲೇ ಬಕ್ಕೇಶಪ್ಪನವರೂ ಗೋದಾಮಿನ ಉಸ್ತುವಾರಿಯವರೂ ಸಂಭ್ರಮ ನೋಡಲು ದಾವಣಗೆರೆಗೆ ಹೋದರು. ಗೋದಾಮಿನ ಬೀಗದ ಕೈ ಉಸ್ತುವಾರಿಯವರ ಉಡಿದಾರದಲ್ಲಿ ಅವರ ಜೊತೆಗೇ ಹೋಯಿತು. ಹನ್ನೊಂದರ ಹೊತ್ತಿಗೆ ನದಿ ಸ್ನಾನಘಟ್ಟದ ಮೆಟ್ಟಿಲು ಮುಳುಗಿಸಿ ಕೇರಿಯೊಳಗೆ ಬಂತು. ಎಪ್ಪತ್ತು ಮನೆಯ ಜನ ಮಕ್ಕಳನ್ನೂ ಪಾತ್ರೆಗಳನ್ನೂ ಹೊತ್ತುಕೊಂಡು ಶಾಲೆಯ ಕಟ್ಟಡ ಸೇರಿದರು. ಮಧ್ಯಾಹ್ನ ಮೂರಾದರೂ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಶಾಲೆಯ ಎದುರಿಗೇ ಗೋದಾಮು, ಅದರೊಳಗೆ ನೆರೆಗೆಂದೇ ತಂದಿಟ್ಟ ನಲವತ್ತು ಚೀಲ ಅಕ್ಕಿ. ‘ನೆರೆ ಎಂದು ಘೋಷಿಸಿದ ನಂತರವೇ ವಿತರಿಸತಕ್ಕದ್ದು’ ಎಂಬುದು ನಿಯಮ. ಘೋಷಿಸಬೇಕಾದವರು ಮೆರವಣಿಗೆಯಲ್ಲಿದ್ದರು. ಕುತುಬುದ್ದೀನ್ ಇಲಾಖೆಯ ಚಿತ್ರದುರ್ಗದ ವಿಭಾಗ ಕಚೇರಿಗೆ ಫೋನು ಮಾಡಿದರೆ, ಇವತ್ತು ಬೆಳಗಿನಿಂದ ನೀವು ನಮ್ಮವರಲ್ಲ, ದಾವಣಗೆರೆಯವರನ್ನು ಕೇಳಿ ಎಂದರು. ದಾವಣಗೆರೆಯ ವಿಭಾಗ ಕಚೇರಿಗೆ ಇನ್ನೂ ಫೋನೇ ಬಂದಿರಲಿಲ್ಲ. ವಾಸ್ತವವಾಗಿ ಕಚೇರಿಯೂ ಬಂದಿರಲಿಲ್ಲ.

ಅವರು ಛತ್ರಿ ಹಿಡಿದು ಗೋದಾಮಿನ ಬಾಗಿಲ ಮುಂದೆ ನಿಂತಿದ್ದಾಗ ಓಬಕ್ಕ ಬಂದಳು. ಕಲ್ಲು ಕ್ವಾರಿಯಲ್ಲಿ ದುಡಿಯುವ ಹೆಂಗಸು. ಅವಳ ಮನೆಯ ಗೋಡೆ ಬೆಳಿಗ್ಗೆಯೇ ಕುಸಿದಿತ್ತು. ಉಳಿಸಿಕೊಂಡ ಸಾಮಾನಿನಲ್ಲಿ ಒಂದು ಹಾರೆಯೂ ಇತ್ತು, ಅದು ಅವಳ ಕೈಯಲ್ಲೇ ಇತ್ತು.

“ಸಾಬ್ರೆ, ಈ ಅಕ್ಕಿ ಯಾರಿಗಂತ ಇಟ್ಟಿರದು?”

“ನೆರೆ ಸಂತ್ರಸ್ತರಿಗೆ.”

“ಹಂಗಂದ್ರೆ ಯಾರು?”

“ನೀವೇ.”

“ಮತ್ತೆ ಯಾಕ ನಿಂತೀರಿ?”

ಕುತುಬುದ್ದೀನ್ ಹಾರೆ ಇಸಿದುಕೊಂಡರು. ಪೆನ್ನು ಹಿಡಿದ ಕೈ. ಮೊದಲ ಏಟು ಬಾಗಿಲಿಗೆ ಬಿತ್ತು. ಎರಡನೆಯದು ಗೋಡೆಗೆ ಬಿದ್ದು, ಅದರ ರಭಸಕ್ಕೆ ಛತ್ರಿ ಹಾರಿ ನೀರಿಗೆ ಬಿತ್ತು. ಆಗ ಅವರು ಹಾರೆಯನ್ನು ಓಬಕ್ಕನ ಕಡೆಗೆ ಚಾಚಿ, ನೀವೇ ಒಡೀರಿ ಎಂದರು. ಅವಳು ಸೆರಗು ಸಿಕ್ಕಿಸಿ ಒಂದೇ ಏಟು ಹಾಕಿದಳು. ಬೀಗ ಕಳಚಿ ಬಿತ್ತು.

ಮೂರು ದಿನ ಗಂಜಿ ಬೆಂದಿತು. ಕುತುಬುದ್ದೀನರ ಹೆಂಡತಿ ರಶೀದಾ ಮನೆಯ ದೊಡ್ಡ ಸೌಟು ತಂದು ಬಡಿಸಲು ನಿಂತಳು. ನೀರು ಇಳಿಯಿತು, ಬಕ್ಕೇಶಪ್ಪ ಮರಳಿ ಬಂದರು, ‘ಗೋದಾಮು ತೆರೆಯಲಾಯಿತು’ ಎಂಬ ವರದಿಗೆ ಸಹಿ ಮಾಡಿದರು. ಯಾರೂ ಏನೂ ಕೇಳಲಿಲ್ಲ. ಹೊಸ ಬೀಗ ಬಂತು.

ಇದನ್ನೆಲ್ಲ ಈಗ ಬರೆಯಲು ಕೂತ ಕುತುಬುದ್ದೀನರಿಗೆ ಬೀಗ ಒಡೆದವರು ಯಾರೆಂಬ ಆ ಒಂದು ವಾಕ್ಯದ ಹತ್ತಿರ ಪೆನ್ನು ತಡವರಿಸಿತು. ಓಬಕ್ಕನ ಹೆಸರು ಬರೆದರೆ ಬಡವಿ, ನಾಳೆ ಪೊಲೀಸು ಗಿಲೀಸು ಎಂದರೆ ಕಷ್ಟ. ಅದು ಒಂದು ಕಾರಣ. ಇನ್ನೊಂದು ಕಾರಣ ಅವರು ಯಾರಿಗೂ ಹೇಳಲಿಲ್ಲ. ಕಾಗದದ ಮೇಲೆ ಮೊದಲ ಸಲ ಒಂಟಿಯಾಗಿ ನಿಂತಿದ್ದ ಆ ‘ನಾನು’ ಎಂಬ ಪದಕ್ಕೆ ತಕ್ಕ ಕೆಲಸವೊಂದು ಬೇಕಿತ್ತು. ‘ನಾನು ಬೀಗ ಒಡೆದೆ’ ಎಂದು ಬರೆದರು. ಬರೆದು ಓದಿಕೊಂಡರು. ಚೆನ್ನಾಗಿ ಕೇಳಿಸಿತು.

ಸಂಕಿರಣದ ದಿನ ಉದ್ಘಾಟನೆ ಹತ್ತಕ್ಕೆ ಎಂದಿತ್ತು. ಉದ್ಘಾಟಕರು ಹನ್ನೊಂದೂವರೆಗೆ ಬಂದರು. ದೀಪ ಹಚ್ಚುವಾಗ ಫ್ಯಾನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಐದು ಜನ ಗಣ್ಯರು ಐದು ಬತ್ತಿ ಹಚ್ಚುವಷ್ಟರಲ್ಲಿ ಮೊದಲನೆಯದು ಆರುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕೊನೆಗೆ ಕರೆಂಟೇ ಹೋಗಿ ಆ ಸಮಸ್ಯೆ ಬಗೆಹರಿಯಿತು. ಜೊತೆಗೆ ಮೈಕೂ ಹೋದದ್ದರಿಂದ ಸರ್ಕಾರದ ತಾಳಿಕೆಯ ಬಗ್ಗೆ ಉದ್ಘಾಟಕರು ಏನು ಹೇಳಿದರೆಂಬುದು ಮೊದಲ ಸಾಲಿನವರಿಗಷ್ಟೇ ಗೊತ್ತು. ಅವರೂ ಆಮೇಲೆ ಯಾರಿಗೂ ಹೇಳಲಿಲ್ಲ.

ಒಬ್ಬೊಬ್ಬರಿಗೆ ಏಳು ನಿಮಿಷ. ಒಬ್ಬರು ನಾರ್ವೆ ದೇಶದ ಆಡಳಿತವನ್ನು ನಮ್ಮದರ ಜೊತೆ ಹೋಲಿಸಲು ಎದ್ದು, ನಾರ್ವೆಯಲ್ಲಿ ಚಳಿ ಹೆಚ್ಚು ಎಂಬಲ್ಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ಇನ್ನೊಬ್ಬರು ಐದು ದೇಶಗಳನ್ನು ತೆಗೆದುಕೊಂಡು, ಅವುಗಳಲ್ಲಿ ಸಾಮ್ಯಗಳೂ ಇವೆ ವ್ಯತ್ಯಾಸಗಳೂ ಇವೆ ಎಂದು ಸಾಧಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಕುತುಬುದ್ದೀನರಿಗೆ ಸಿಕ್ಕಿದ್ದು ಊಟದ ನಂತರದ ಹೊತ್ತು. ಹೋಳಿಗೆ ಊಟ ಮಾಡಿ ಬಂದ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನ ಗಲ್ಲಕ್ಕೆ ಕೈಯೂರಿ ತುಲನೆ ಮಾಡುತ್ತಿದ್ದರು. ರಶೀದಾ ಎರಡೆರಡು ಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುತುಬುದ್ದೀನ್ ಎದ್ದು ನಿಂತು, ಎದುರಿಗೆ ನೋಡದೆ ಓದತೊಡಗಿದರು. ‘ನಾನು ಬೀಗ ಒಡೆದೆ’ ಎಂಬಲ್ಲಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅದಕ್ಕೆ ಎಚ್ಚರಗೊಂಡ ಉಳಿದವರೂ ಪ್ರಬಂಧ ಮುಗಿಯಿತೆಂದುಕೊಂಡು ಚಪ್ಪಾಳೆ ಹೊಡೆದರು.

ಗೋಷ್ಠಿಯ ಅಧ್ಯಕ್ಷರು ದೆಹಲಿಯ ಹಿರಿಯ ಪ್ರಾಧ್ಯಾಪಕರು, ಕನ್ನಡ ಬರದವರು. ಅವರು ಏನಾಯಿತೆಂದು ಕೇಳಿದಾಗ ಮುರುಗೇಶಪ್ಪನವರು ಇಂಗ್ಲಿಷಿನಲ್ಲಿ ವಿವರಿಸಿದರು. ಕುತುಬುದ್ದೀನರ ಕಿವಿಗೆ, ಸಮಯಕ್ಕೆ ತಕ್ಕ ವಿವೇಚನೆ ಎಂಬರ್ಥದ ‘ಅಡಾಪ್ಟಿವ್ ಡಿಸ್ಕ್ರೆಷನ್’ ಎಂಬುದೂ ‘ಸ್ಟ್ರೀಟ್ ಲೆವೆಲ್’ ಎಂಬುದೂ ಬಿದ್ದವು. ಗೋದಾಮು ಬೀದಿಯಲ್ಲಿಲ್ಲ, ಶಾಲೆಯ ಆವರಣಕ್ಕೆ ಎದುರಾಗಿದೆ ಎಂದು ತಿದ್ದಬೇಕೆನಿಸಿತು. ಪ್ರಾಧ್ಯಾಪಕರು ಖುಷಿಯಿಂದ ಎದ್ದು ಹಲಗೆಯ ಮೇಲೆ ಒಂದು ಚೌಕ ಬರೆದರು, ಅದು ಪ್ರಭುತ್ವ. ಒಂದು ಅಲೆಯ ಗೆರೆ ಎಳೆದರು, ಅದು ನದಿ. ನಡುವೆ ಒಂದು ಬಾಣ. ಆ ಬಾಣ ಕುತುಬುದ್ದೀನ್. ಇದಕ್ಕೆ ತಾವು ‘ಹರಿಹರ ಮಾಡೆಲ್’ ಎಂದು ಹೆಸರಿಡುವುದಾಗಿಯೂ, ನಾಳೆ ಎಲ್ಲರೂ ಹೋಗಿ ಅದನ್ನು ಕಣ್ಣಾರೆ ನೋಡುವುದೆಂದೂ ಘೋಷಿಸಿದರು. ಅಂದು ಬಸ್ಸಿನಲ್ಲಿ ಊರಿಗೆ ಮರಳುವಾಗ ಕುತುಬುದ್ದೀನ್ ಪ್ರಬಂಧವನ್ನು ತೆಗೆದು ಇನ್ನೊಮ್ಮೆ ಓದಿಕೊಂಡರು. ಪಕ್ಕದ ಸೀಟಿನವನು ಇಣುಕಿದರೆ ಇಣುಕಲಿ ಎಂದು ಸ್ವಲ್ಪ ಓರೆಯಾಗಿಯೇ ಹಿಡಿದಿದ್ದರು.

ಮರುದಿನ ಕಾಲೇಜಿನ ಬಸ್ಸಿನಲ್ಲಿ ಮೂವತ್ತೆರಡು ಜನ ವಿದ್ವಾಂಸರು ಹರಿಹರಕ್ಕೆ ಬಂದಿಳಿದರು. ಗೋದಾಮಿನ ಹೊಸ ಬೀಗದ ಪಕ್ಕ ನಿಂತು ಒಬ್ಬೊಬ್ಬರೂ ಫೋಟೋ ತೆಗೆಸಿಕೊಂಡರು. ಸಂತ್ರಸ್ತರು ಬೇಕು ಎಂದಾಗ ಓಬಕ್ಕನನ್ನು ಕರೆಸಲಾಯಿತು. ಅವಳು ಕ್ವಾರಿಯ ಧೂಳು ಮೆತ್ತಿದ ಸೀರೆಯಲ್ಲೇ ಬಂದಳು. ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿನಿ ರಶ್ಮಿತಾ ಪ್ರಶ್ನಾವಳಿ ಬಿಚ್ಚಿ, ಪರಿಹಾರ ಕಾರ್ಯ ನಿಮಗೆ ಅತ್ಯಂತ ತೃಪ್ತಿಕರವೋ, ತೃಪ್ತಿಕರವೋ, ಸಾಧಾರಣವೋ ಎಂದು ಕೇಳಿದಳು. ಓಬಕ್ಕ ಸ್ವಲ್ಪ ಯೋಚಿಸಿ, ಮೊದಲನೇ ದಿನ ಗಂಜಿಗೆ ಉಪ್ಪು ಕಮ್ಮಿ ಆಗಿತ್ತು, ಆಮೇಲೆ ಸರಿ ಹೋಯಿತು ಎಂದಳು. ಅದಕ್ಕೆ ಪ್ರಶ್ನಾವಳಿಯಲ್ಲಿ ಗುರುತು ಹಾಕುವ ಚೌಕವಿರಲಿಲ್ಲ. ರಶ್ಮಿತಾ ‘ಸಾಧಾರಣ’ಕ್ಕೆ ಗುರುತು ಹಾಕಿದಳು.

ದೆಹಲಿ ಪ್ರಾಧ್ಯಾಪಕರು ಬೀಗದ ಬಗ್ಗೆ ಕೇಳಿ ಎಂದರು. ಮುರುಗೇಶಪ್ಪ ಕೇಳಿದರು.

“ಈ ಸಾಬ್ರು ಎರಡು ಏಟು ಹಾಕಿದ್ರು,” ಎಂದಳು ಓಬಕ್ಕ. “ಬೀಗಕ್ಕೆ ಬೀಳ್ಲಿಲ್ಲ. ಆಮೇಲೆ ನಾನು ಹಾಕಿದೆ. ಬಿತ್ತು.”

ಮುರುಗೇಶಪ್ಪನವರು ಅದನ್ನು ‘ಕಮ್ಯುನಿಟಿ ಪಾರ್ಟಿಸಿಪೇಷನ್’ ಎಂದು ಅನುವಾದಿಸಿದರು. ಪ್ರಾಧ್ಯಾಪಕರು ಉತ್ಸಾಹದಿಂದ ಬರೆದುಕೊಂಡರು. ಯಾರೂ ಕುತುಬುದ್ದೀನರ ಕಡೆ ನೋಡಲಿಲ್ಲ. ಆದರೂ ಅವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿರುವಂತೆ ಅನ್ನಿಸಿತು. ವಿದ್ವಾಂಸರು ಹರಿಹರೇಶ್ವರನ ದರ್ಶನಕ್ಕೆ ಹೊರಟ ಮೇಲೆ ಅವರು ಓಬಕ್ಕನ ಹತ್ತಿರ ಹೋಗಿ, ಪ್ರಬಂಧದಲ್ಲಿ ಒಡೆದವನು ನಾನೇ ಎಂದು ಬರೆದುಬಿಟ್ಟಿದ್ದೇನೆ ಎಂದು ಹೇಳಿದರು.

“ಬರ್ಕಳ್ರಿ ಸಾಬ್ರೆ,” ಎಂದಳು ಅವಳು. “ನನ್ಗೇನು ಓದಾಕೆ ಬರ್ತೈತಾ?”

ಬೈದಿದ್ದರೆ ಅವರಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮೂರನೆಯ ದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ನಾರ್ವೆಯ ವಿಷಯ ಇರಲಿಲ್ಲ, ತಾಳಿಕೆಯ ವಿಷಯವೂ ಇರಲಿಲ್ಲ. ‘ಸರ್ಕಾರಿ ಗೋದಾಮಿನ ಬೀಗ ಒಡೆದೆ: ಸಂಕಿರಣದಲ್ಲಿ ಗುಮಾಸ್ತನ ತಪ್ಪೊಪ್ಪಿಗೆ’ ಎಂದು ಎರಡು ಕಾಲಂ ಇತ್ತು. ವಾರದೊಳಗೆ ಇಲಾಖೆಯ ದಾವಣಗೆರೆ ವಿಭಾಗ ಕಚೇರಿಯಿಂದ ಮೆಮೊ ಬಂತು. ಸಾರ್ವಜನಿಕ ಸಭೆಯೊಂದರಲ್ಲಿ ತಾವು ಅನುಮತಿಯಿಲ್ಲದೆ ಸರ್ಕಾರಿ ಬೀಗವನ್ನು ಒಡೆದಿರುವುದಾಗಿ ಒಪ್ಪಿಕೊಂಡಿರುವುದು ಕಂಡುಬಂದಿರುತ್ತದೆ, ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಕುತುಬುದ್ದೀನ್ ಅದನ್ನು ಓದಿ, ಕರಡು ಚೆನ್ನಾಗಿದೆ ಎಂದು ಮೊದಲು ಅಂದುಕೊಂಡರು. ಹೆದರಿದ್ದು ಆಮೇಲೆ.

ಬಕ್ಕೇಶಪ್ಪನವರು ಬಾಗಿಲು ಹಾಕಿಸಿ, ತಗ್ಗಿದ ದನಿಯಲ್ಲಿ ಮಾತಾಡಿದರು.

“ಫೈಲಿನಾಗೆ ಇದ್ದದ್ದು ಓದ್ರಿ ಅಂದಿದ್ದೆ. ನಡೆದದ್ದು ಓದ್ರಿ ಅಂತ ನಾನು ಅಂದಿದ್ನಾ?”

ಕುತುಬುದ್ದೀನ್ ಮೆಮೊ ಮಡಚಿ ಜೇಬಿಗಿಟ್ಟುಕೊಂಡರು. ಮುರುಗೇಶಪ್ಪನವರಾದರೂ ಒಂದು ಪತ್ರ ಕೊಟ್ಟಾರು ಎಂದು ದಾವಣಗೆರೆಗೆ ಹೋದರು. ಮುರುಗೇಶಪ್ಪ ಪ್ರೀತಿಯಿಂದಲೇ ಕೂಡಿಸಿ, ಭಾಗವಹಿಸಿದ ಪ್ರಮಾಣಪತ್ರ ತೆಗೆದುಕೊಟ್ಟರು. ಅದರಲ್ಲಿ ಹೆಸರು ‘ಡಾ. ಕುತುಬುದ್ದೀನ್’ ಎಂದಿತ್ತು. ಕಷ್ಟವನ್ನು ಪೂರ್ತಿ ಕೇಳಿದ ಮೇಲೆ ಅವರ ಮುಖ ಅರಳಿತು. ವಿಚಾರಣೆ ನಡೆದರೆ ಒಳ್ಳೆಯದೇ, ದೆಹಲಿಯವರ ಲೇಖನದಲ್ಲಿ ಮಾಡೆಲಿಗೆ ಎರಡನೇ ಹಂತ ಇರಲಿಲ್ಲ, ಈಗ ಸಿಕ್ಕಿತು, ವಿಚಾರಣೆಯ ಕಾಗದಗಳ ಪ್ರತಿ ತಪ್ಪದೆ ಕಳಿಸಿ ಎಂದರು. ವ್ಯಂಗ್ಯವಾಗಿ ಹೇಳಿದ್ದಲ್ಲ. ಮನಸ್ಸಿನಿಂದಲೇ ಹೇಳಿದ್ದು.

ಮನೆಯಲ್ಲಿ ರಶೀದಾ ಮೆಮೊವನ್ನು ಎರಡು ಸಲ ಓದಿದಳು. ನಿವೃತ್ತಿಗೆ ಇನ್ನು ಆರೇ ವರ್ಷ. ಪಿಂಚಣಿಗೆ ಕುತ್ತು ಬಂದರೆ ಏನು ಗತಿ ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು. ಮೆಮೊ ಬಂದ ಮೂರನೆಯ ದಿನ ರೊಟ್ಟಿ ಬಡಿಯುತ್ತಾ ಅವಳು ಒಂದೇ ಮಾತು ಕೇಳಿದಳು.

“ವಿಚಾರಣೆ ಬೀಗ ಒಡೆದಿದ್ದಕ್ಕೋ, ಒಡೆದೆ ಅಂತ ಬರೆದಿದ್ದಕ್ಕೋ?”

“ಬರೆದಿದ್ದಕ್ಕೆ,” ಎಂದರು ಕುತುಬುದ್ದೀನ್.

“ಹಂಗಾದ್ರೆ ಬರೆದಿದ್ದರಾಗೆ ತಪ್ಪು ಇದ್ರೆ ಅದನ್ನಷ್ಟೇ ಸರಿ ಮಾಡ್ರಿ. ಉಳಿದಿದ್ದು ಅಲ್ಲಾಹನ ಮೇಲೆ ಬಿಡ್ರಿ.”

ಅವಳಿಗೆ ಓಬಕ್ಕನ ಏಟಿನ ವಿಷಯ ಅಂದಿನಿಂದಲೂ ಗೊತ್ತಿತ್ತು. ಗಂಜಿ ಬಡಿಸುವಾಗ ಕೇರಿಯ ಹೆಂಗಸರೆಲ್ಲ ಅದನ್ನೇ ಆಡಿಕೊಂಡು ನಕ್ಕಿದ್ದರು. ಗಂಡನ ಪ್ರಬಂಧ ಓದಿ ಅವಳು ಏನೂ ಅಂದಿರಲಿಲ್ಲ ಎಂಬುದು ಕುತುಬುದ್ದೀನರಿಗೆ ಆಗ ಹೊಳೆಯಿತು.

ಫೆಬ್ರವರಿಯಲ್ಲಿ ವಿಚಾರಣೆ ನಡೆಯಿತು. ದಾವಣಗೆರೆಯ ವಿಭಾಗ ಕಚೇರಿ ಈಗ ಒಂದು ಬಾಡಿಗೆ ಕಟ್ಟಡದಲ್ಲಿತ್ತು. ಕೆಳಗೆ ಬಟ್ಟೆ ಅಂಗಡಿ, ಮೇಲೆ ಸರ್ಕಾರ. ಬೆಂಗಳೂರಿನಿಂದ ಬಂದ ವಿಚಾರಣಾಧಿಕಾರಿಗೆ ವಿಪರೀತ ನೆಗಡಿಯಾಗಿತ್ತು. ಒಳ್ಳೆಯ ಮನುಷ್ಯ. ಕುತುಬುದ್ದೀನರ ಸೇವಾ ಪುಸ್ತಕ ತಿರುವಿ ಹಾಕಿ, ಇಷ್ಟು ಚೊಕ್ಕ ಸರ್ವೀಸು ತಾನು ನೋಡಿಲ್ಲ, ಇದನ್ನು ಇಲ್ಲಿಗೇ ಮುಗಿಸೋಣ ಎಂದ. ಮೂಗು ಒರೆಸಿಕೊಳ್ಳುತ್ತಾ ಎರಡು ದಾರಿ ತೋರಿಸಿದ. ‘ನಾನು ಒಡೆದೆ’ ಎಂಬುದು ಕೈತಪ್ಪಿನಿಂದ ಆಗಿದೆ, ‘ಬೀಗವು ಒಡೆದುಹೋಗಿರುವುದು ಕಂಡುಬಂದಿತು’ ಎಂದಿರಬೇಕಿತ್ತು ಎಂದು ಒಂದು ತಿದ್ದುಪಡಿ ಬರೆದುಕೊಟ್ಟರೆ ಸಾಕು. ಅದು ಬೇಡವಾದರೆ, ಯಾರೋ ಹೆಂಗಸು ಒಡೆದಳು ಎಂದು ಸಂಕಿರಣದವರ ಟಿಪ್ಪಣಿಯಲ್ಲಿದೆಯಂತೆ. ಅವಳ ಹೆಸರು ಕೊಟ್ಟರೆ ಅದು ಹೊರಗಿನವರ ಕೃತ್ಯವಾಗುತ್ತದೆ, ಇಲಾಖೆಗೆ ಸಂಬಂಧವಿಲ್ಲ, ಮುಂದಿನದನ್ನು ಪೊಲೀಸರು ನೋಡಿಕೊಳ್ಳುತ್ತಾರೆ.

ಕುತುಬುದ್ದೀನ್ ಮೊದಲನೆಯ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆದು ನೋಡಿದರು. ಎಷ್ಟು ನುಣುಪಾದ ದಾರಿ. ಜೀವಮಾನವಿಡೀ ಓಡಾಡಿದ್ದು ಅದರ ಮೇಲೆಯೇ. ಆ ವಾಕ್ಯವನ್ನು ಅವರು ಇನ್ನೂ ಚೆನ್ನಾಗಿ ಬರೆದುಕೊಡಬಲ್ಲವರಾಗಿದ್ದರು. ‘ಒಡೆದುಹೋಗಿರುವುದು’ ಎನ್ನುವುದಕ್ಕಿಂತ ‘ಶಿಥಿಲಗೊಂಡಿರುವುದು’ ಎಂದಿದ್ದರೆ ಬೀಗದ ಮೇಲೆಯೇ ತಪ್ಪು ಹೋಗುತ್ತಿತ್ತು. ಬಾಯಿಯವರೆಗೆ ಬಂದ ಆ ಸಲಹೆಯನ್ನು ನುಂಗಿಕೊಂಡರು.

“ತಿದ್ದೋದು ಒಂದು ಐತೆ ಸಾರ್,” ಎಂದರು. “ಬೀಗ ಒಡೆದ ಏಟು ನಂದಲ್ಲ. ನಾನು ಹಾಕಿದ ಏಟು ಬೀಗಕ್ಕೆ ಬೀಳ್ಲಿಲ್ಲ. ಹಾಕಿದೋರ ಹೆಸರು ನಾನು ಹೇಳಂಗಿಲ್ಲ. ಆದ್ರೆ ಒಡೀರಿ ಅಂದೋನು ನಾನು. ಹಂಗಂತ ಬರ್ಕಳ್ರಿ.”

ಅಧಿಕಾರಿ ಕರವಸ್ತ್ರ ಮಡಚಿಟ್ಟ. ಯೋಚನೆ ಮಾಡಿ ಹೇಳುತ್ತಿದ್ದೀರಾ ಎಂದು ಕೇಳಿದ. ಹೌದು ಎಂದರು. ಟೈಪಿಸ್ಟು ಅಭ್ಯಾಸಬಲದಿಂದ ‘ಒಡೆಯಲು ಸೂಚಿಸಲಾಯಿತು’ ಎಂದು ಹೊಡೆದಿದ್ದ. ಕುತುಬುದ್ದೀನ್ ಹಾಳೆಯನ್ನು ಅವನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿ, ಮತ್ತೆ ಹೊಡೆಸಿದರು. ಆಮೇಲೆ ಸಹಿ ಹಾಕಿದರು. ಹೊರಗೆ ಬಂದು ಮೆಟ್ಟಿಲಿಳಿದ ಮೇಲೆ ವಿಪರೀತ ಹಸಿವಾಯಿತು. ಎದುರಿನ ಗಾಡಿಯಲ್ಲಿ ನಿಂತು ಮಂಡಕ್ಕಿಯನ್ನೂ ನಾಲ್ಕು ಮೆಣಸಿನಕಾಯಿ ಬಜ್ಜಿಯನ್ನೂ ತಿಂದರು. ಅಷ್ಟು ಖಾರ ಅವರು ಎಂದೂ ತಿಂದವರಲ್ಲ.

ಆದೇಶ ಬರಲು ಮೇ ತಿಂಗಳಾಯಿತು. ಒಂಬತ್ತು ಪುಟ. ಮೊದಲ ಏಳು ಪುಟಗಳ ಪ್ರಕಾರ ಕುತುಬುದ್ದೀನರ ಮೇಲಿನ ಆರೋಪ ಸಂಪೂರ್ಣ ಸಾಬೀತಾಗಿತ್ತು, ಕಠಿಣ ಶಿಕ್ಷೆಗೆ ಅರ್ಹವಾಗಿತ್ತು. ಅವರು ಬೆವರುತ್ತಾ ಎಂಟನೆಯ ಪುಟಕ್ಕೆ ಬಂದರು. ಅಲ್ಲಿ ಶಿಕ್ಷೆ ಕೊಡತಕ್ಕವರು ಯಾರು ಎಂಬ ಪ್ರಶ್ನೆ ಎದ್ದಿತ್ತು. ಹರಿಹರದ ಮೇಲೆ ಇಲಾಖೆಯ ಚಿತ್ರದುರ್ಗ ವಿಭಾಗದ ಅಧಿಕಾರ ಆಗಸ್ಟ್ ಹದಿನಾಲ್ಕಕ್ಕೆ ಮುಗಿದಿತ್ತು. ದಾವಣಗೆರೆ ವಿಭಾಗ ಅಸ್ತಿತ್ವಕ್ಕೆ ಬಂದದ್ದು ಸೆಪ್ಟೆಂಬರ್ ಒಂದರಂದು. ಕೃತ್ಯ ನಡೆದದ್ದು ಆಗಸ್ಟ್ ಹದಿನೈದರಂದು. ಆದಕಾರಣ ಆ ಹದಿನೇಳು ದಿನಗಳ ಅವಧಿಯಲ್ಲಿ ಹರಿಹರದಲ್ಲಿ ಇಲಾಖೆಯೇ ಇರಲಿಲ್ಲವೆಂದು ಪರಿಭಾವಿಸತಕ್ಕದ್ದು. ಇಲ್ಲದ ಇಲಾಖೆಯ ಬೀಗವನ್ನು ಒಡೆಯಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

ಬಕ್ಕೇಶಪ್ಪ ಬೆನ್ನು ತಟ್ಟಿ, ಬಚಾವಾದ್ರಿ ಎಂದರು. ಕುತುಬುದ್ದೀನರಿಗೆ ಸಮಾಧಾನವಾಯಿತೆನ್ನುವುದು ನಿಜ. ರಶೀದಾ ಅಂದು ಶಾವಿಗೆ ಪಾಯಸ ಮಾಡಿದಳು. ಆದರೂ ಒಳಗೊಳಗೇ ಯಾರೋ ಮೋಸ ಮಾಡಿದ ಹಾಗಿತ್ತು. ಅಷ್ಟು ಕಷ್ಟಪಟ್ಟು ಒಪ್ಪಿಕೊಂಡದ್ದನ್ನು ಯಾರೂ ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಎಪ್ಪತ್ತು ಮನೆಯ ಜನ ಉಂಡ ಗಂಜಿಯೂ ಆ ಎಂಟನೆಯ ಪುಟದಲ್ಲಿ ಆವಿಯಾಗಿ ಹೋಗಿತ್ತು. ಆ ಹದಿನೇಳು ದಿನ ತಾವು ಹಾಜರಿ ಪುಸ್ತಕಕ್ಕೆ ಸಹಿ ಮಾಡಿದ್ದು ಯಾವ ಕಚೇರಿಯಲ್ಲಿ ಎಂದು ಕೇಳಬೇಕೆನಿಸಿತು. ಮುರುಗೇಶಪ್ಪನವರು ಆದೇಶದ ಪ್ರತಿ ತರಿಸಿಕೊಂಡು ಬಹಳ ಸಂತೋಷಪಟ್ಟರು. ಒಂದೇ ಊರು ಎರಡು ಜಿಲ್ಲೆಗಳ ನಡುವೆ ಮಾಯವಾದದ್ದು ತುಲನಾತ್ಮಕ ಅಧ್ಯಯನಕ್ಕೆ ಅಪರೂಪದ ಉದಾಹರಣೆಯಂತೆ. ಮುಂದಿನ ಸಂಕಿರಣ ಅದರ ಮೇಲೆಯೇ ಎಂದು ಹೇಳಿ ಕಳಿಸಿದರು.

ಜೂನ್ ತಿಂಗಳಲ್ಲಿ ಮೋಡ ಕಟ್ಟತೊಡಗಿದಾಗ ಕುತುಬುದ್ದೀನ್ ಗೋದಾಮಿಗೆ ಎರಡನೆಯ ಬೀಗದ ಕೈ ಮಾಡಿಸಿ ಕಚೇರಿಯಲ್ಲಿಡುವ ಬಗ್ಗೆ ಒಂದು ಪ್ರಸ್ತಾವನೆ ಬರೆಯಲು ಕೂತರು. ವಿಷಯ, ಉಲ್ಲೇಖ ಎಂದು ಬರೆದು ನಿಲ್ಲಿಸಿದರು. ಎದ್ದು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಗೋದಾಮಿನ ಉಸ್ತುವಾರಿಯವರ ಮನೆಗೆ ನಡೆದರು. ಅವರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಕಮಲಕ್ಕ ವಿಷಯ ಕೇಳಿ ಒಳಗೆ ಹೋಗಿ, ದೇವರ ಗೂಡಿನ ಪಕ್ಕದ ಮೊಳೆಯಿಂದ ಒಂದು ಬೀಗದ ಕೈ ತಂದುಕೊಟ್ಟಳು.

“ಹೊಸ ಬೀಗದ ಜೋಡಿ ಎರಡು ಕೈ ಬಂದಿದ್ವು. ಇದು ಅವತ್ತಿನಿಂದ ಇಲ್ಲೇ ತೂಗಿ ಬಿದ್ದೈತೆ. ಬೇಕು ಅಂತ ಯಾರೂ ಕೇಳ್ಲಿಲ್ಲ ನೋಡ್ರಿ.”

ಕುತುಬುದ್ದೀನ್ ಅದನ್ನು ಕಚೇರಿಗೆ ಒಯ್ಯಲಿಲ್ಲ. ಕೇರಿಯ ಕಡೆ ತಿರುಗಿದರು. ಓಬಕ್ಕ ಮೊದಲಿನ ಜಾಗಕ್ಕಿಂತ ಎರಡಾಳು ಎತ್ತರದಲ್ಲಿ ಹೊಸ ಗೋಡೆ ಕಟ್ಟಿಕೊಂಡಿದ್ದಳು. ಅಲ್ಲಿಂದ ಗೋದಾಮು ನೂರು ಹೆಜ್ಜೆಯಿಲ್ಲ. ಕುತುಬುದ್ದೀನ್ ವಿಷಯ ಹೇಳಿ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟರು. ಅವಳು ತಿರುವಿ ಮುರುವಿ ನೋಡಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಎಂದು ಕೇಳಿದಳು. ಎಲ್ಲೂ ಬೇಡ ಎಂದರು.

“ನೆರೆ ಬಂತು ಅಂತ ನನ್ಗೆ ಯಾರು ಬಂದು ಹೇಳ್ತಾರೆ ಸಾಬ್ರೆ?”

“ನೀರು ಮನ್ಯಾಗೆ ಬಂದ್ರೆ ಯಾರೂ ಹೇಳೋದು ಬ್ಯಾಡ,” ಎಂದರು ಕುತುಬುದ್ದೀನ್. “ನೀವೇ ತೆಗೀರಿ.”

ಓಬಕ್ಕ ಅದನ್ನು ಅಕ್ಕಿ ಡಬ್ಬಿಯ ಮುಚ್ಚಳದ ಕೆಳಗೆ ಇಟ್ಟು, ಅವರಿಗೆ ಕೂಡ್ರಿ ಎಂದು ಮಣೆ ಹಾಕಿ, ಚಹಾಕ್ಕೆ ನೀರಿಟ್ಟಳು.